ಮ್ಯಾಗ್ನಮ್ ತೋಟಾಗೆ ಮ್ಯಾಗ್ನಮ್ ಪ್ರೈಮರೇ ಬೇಕಾ? ಎಚ್110, 2400 ಬಗ್ಗೆ ಗೊಂದಲ

ಹೊಸಕೈ357:

ನಮಸ್ಕಾರ. ಎರಡು ವರ್ಷದಿಂದ .38 ಸ್ಪೆಷಲ್ ತೋಟಾಗಳನ್ನು ನಾನೇ ತುಂಬಿಕೊಳ್ಳುತ್ತಿದ್ದೇನೆ. ಒಂದು ದಿನವೂ ತೊಂದರೆ ಆಗಿಲ್ಲ. ಈಗ .357 ಮ್ಯಾಗ್ನಮ್‌ಗೆ ಕೈ ಹಾಕಿದ್ದೇನೆ. ಆರಿಂಚಿನ ಬ್ಯಾರೆಲ್ಲಿನ ರಿವಾಲ್ವರ್, 158 ಗ್ರೇನ್ ತೂಕದ, ತಾಮ್ರದ ಹೊದಿಕೆಯ ಜಾಕೆಟೆಡ್ ಬುಲೆಟ್. ಮುಂದೆ .44 ಮ್ಯಾಗ್ನಮ್ ತುಂಬುವ ಆಸೆಯೂ ಇದೆ. ಆದರೆ ಶುರುವಿನಲ್ಲೇ ತಲೆ ಕೆಟ್ಟಿದೆ.

ನನ್ನ ಹತ್ತಿರ ಎಚ್110 ಅನ್ನುವ ಪೌಡರ್ ಒಂದು ಡಬ್ಬ, 2400 ಅನ್ನುವ ಪೌಡರ್ ಒಂದು ಡಬ್ಬ ಇವೆ. ಪ್ರೈಮರ್‌ನಲ್ಲಿ (ತೋಟಾದ ಹಿತ್ತಾಳೆ ಕೇಸಿನ ತಳದಲ್ಲಿ ಕೂತು ಪೌಡರಿಗೆ ಬೆಂಕಿ ಕೊಡುವ ಪುಟ್ಟ ಬಟ್ಟಲು) ಸಿಸಿಐ ಕಂಪನಿಯ ಸಾಮಾನ್ಯ 500 ಜಾಸ್ತಿ ಇದೆ, ಮ್ಯಾಗ್ನಮ್ 550 ಸ್ವಲ್ಪ ಇದೆ. ತೋಟಾದ ಹೆಸರಲ್ಲೇ ಮ್ಯಾಗ್ನಮ್ ಅಂತ ಇದ್ದ ಮೇಲೆ ಪ್ರೈಮರ್ ಕೂಡ ಮ್ಯಾಗ್ನಮ್ಮೇ ಇರಬೇಕು ಅಂದುಕೊಂಡಿದ್ದೆ. ಆದರೆ ಒಂದು ಲೋಡಿಂಗ್ ಪುಸ್ತಕ 2400ಗೆ ಸಾಮಾನ್ಯ ಪ್ರೈಮರ್ ಹೇಳುತ್ತದೆ, ಇನ್ನೊಂದು ಅದೇ ಪೌಡರಿಗೆ ಮ್ಯಾಗ್ನಮ್ ಪ್ರೈಮರ್ ಹೇಳುತ್ತದೆ, ಎರಡರಲ್ಲೂ ತೂಕದ ಅಂಕಿಗಳು ಬೇರೆ ಬೇರೆ. ಯಾವುದನ್ನು ನಂಬಬೇಕು?

ಇನ್ನೊಂದು ವಿಷಯ. ಪೂರ್ತಿ ಲೋಡು ಹಾಕಿ ಐವತ್ತು ಸುತ್ತು ಹೊಡೆದರೆ ಮಣಿಕಟ್ಟು ನೋಯುತ್ತದೆ. ಅಭ್ಯಾಸಕ್ಕೆ ಎಚ್110 ಅನ್ನೇ ಒಂದು ಹದಿನೈದು ಪರ್ಸೆಂಟ್ ಕಡಿಮೆ ಮಾಡಿ ಮೆತ್ತಗೆ ತುಂಬಬಹುದಾ? .38 ಸ್ಪೆಷಲ್‌ನಲ್ಲಿ ಬೇರೆ ಪೌಡರ್ ಹಾಗೆ ಕಡಿಮೆ ಮಾಡಿ ಅಭ್ಯಾಸ ಇದೆ. ಮನೆಯಲ್ಲಿ ಸ್ಮಾಲ್ ರೈಫಲ್ ಪ್ರೈಮರ್ ಕೂಡ ಒಂದು ದೊಡ್ಡ ಪೆಟ್ಟಿಗೆ ಇದೆ, ಪಿಸ್ತೂಲಿನದ್ದಷ್ಟೇ ಅಗಲ ಇದೆ. ಅದನ್ನು ಇಲ್ಲಿ ಬಳಸಿದರೆ ಏನಾಗುತ್ತದೆ?

ಹಳೇಪ್ರೆಸ್:

ಮೊದಲು ನಿಮ್ಮ ಮೂರನೇ ಪ್ಯಾರಾಕ್ಕೆ ಬರುತ್ತೇನೆ, ಯಾಕೆಂದರೆ ಅಲ್ಲಿ ಅಪಾಯ ಇದೆ. ಎಚ್110 ಅನ್ನು ಹದಿನೈದು ಪರ್ಸೆಂಟ್ ಕಡಿಮೆ ಮಾಡಬೇಡಿ. ಹತ್ತೂ ಬೇಡ. ಅದನ್ನು ಮಾರುವ ಹಾಜ್ಡನ್ ಕಂಪನಿಯೇ ಎಚ್110 ಮತ್ತು ವಿಂಚೆಸ್ಟರ್ 296 ಲೋಡುಗಳನ್ನು 3 ಪರ್ಸೆಂಟಿಗಿಂತ ಜಾಸ್ತಿ ಇಳಿಸಬೇಡಿ ಅಂತ ಹೇಳುತ್ತದೆ. (ಅವೆರಡೂ ಒಂದೇ ಪೌಡರ್, ಡಬ್ಬದ ಮೇಲಿನ ಹೆಸರು ಮಾತ್ರ ಬೇರೆ.) ಬೇರೆ ಪೌಡರ್‌ಗಳಲ್ಲಿ ಗರಿಷ್ಠಕ್ಕಿಂತ 10 ಪರ್ಸೆಂಟ್ ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗು ಅನ್ನುವುದು ನಾವೆಲ್ಲ ಕಲಿತ ಪಾಠ. ಆ ಪಾಠ ಈ ಡಬ್ಬಕ್ಕೆ ಮಾತ್ರ ನಡೆಯುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಎಚ್110 ಬಾಲ್ ಪೌಡರ್. ಸಣ್ಣ ಸಣ್ಣ ಗುಂಡು ಕಾಳುಗಳು, ಮೇಲೆ ಬೆಂಕಿಯನ್ನು ತಡೆಯುವ ಲೇಪನ ಇರುತ್ತದೆ. ಅದು ನಿಧಾನವಾಗಿ ಉರಿದು, ಬುಲೆಟ್ ಬ್ಯಾರೆಲ್ಲಿನಲ್ಲಿ ಮುಂದೆ ಹೋಗುತ್ತಿರುವಾಗಲೂ ಒತ್ತುತ್ತಲೇ ಇರಲಿ ಅಂತ ಆ ಲೇಪನ. ಅದರಿಂದಲೇ ಮ್ಯಾಗ್ನಮ್ ವೇಗ ಸಿಗುವುದು. ಆದರೆ ಅದೇ ಕಾರಣಕ್ಕೆ ಅದು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಬಿಸಿ ಜಾಸ್ತಿ ಇರುವ, ಸ್ವಲ್ಪ ಹೊತ್ತು ಜಾಸ್ತಿ ಉರಿಯುವ ಪ್ರೈಮರ್ ಬೇಕು. ಕೇಸ್ ಹೆಚ್ಚುಕಡಿಮೆ ತುಂಬಿರಬೇಕು. ಬುಲೆಟ್ಟನ್ನು ಬಿಗಿಯಾದ ಕ್ರಿಂಪ್, ಅಂದರೆ ಒಳಕ್ಕೆ ಮಡಚಿದ ಕೇಸಿನ ಬಾಯಿ, ಹಿಡಿದಿರಬೇಕು, ಒತ್ತಡ ಏರುವವರೆಗೆ ಅದು ಜಾಗ ಬಿಡಬಾರದು. ಇದರಲ್ಲಿ ಒಂದು ಕೈಕೊಟ್ಟರೂ ಉರಿ ಅರ್ಧಕ್ಕೆ ನಿಲ್ಲುತ್ತದೆ.

ಇದು ನನಗೆ ಗೊತ್ತಾಗಿದ್ದು ಪುಸ್ತಕ ಓದಿ ಅಲ್ಲ. ತುಂಬ ಹಿಂದೆ, ನೀವು ಕೇಳಿದ ಪ್ರಶ್ನೆಯನ್ನು ಯಾರಿಗೂ ಕೇಳದೆ, ಈ ಪೌಡರನ್ನು ಚೆನ್ನಾಗಿ ಇಳಿಸಿ, ಸಾಮಾನ್ಯ ಪ್ರೈಮರ್ ಹಾಕಿ, ಕ್ರಿಂಪನ್ನೂ ಸಡಿಲ ಬಿಟ್ಟು ಒಂದು ಪೆಟ್ಟಿಗೆ ತುಂಬಿದ್ದೆ. ಮೂರು ಸುತ್ತು ಸರಿಯಾಗಿ ಹೋದವು. ನಾಲ್ಕನೆಯದ್ದು "ಪಟ್" ಅಂತ ಒಂದು ಸಣ್ಣ ಸದ್ದು ಮಾಡಿತು, ಕೈಗೆ ಏಟೇ ಬರಲಿಲ್ಲ. ಸಿಲಿಂಡರ್ ತಿರುಗಲಿಲ್ಲ. ಬುಲೆಟ್ ಅರ್ಧ ಸಿಲಿಂಡರಿನಲ್ಲಿ, ಅರ್ಧ ಬ್ಯಾರೆಲ್ಲಿನ ಬಾಯಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಹಿಂದಕ್ಕೆ ತಳ್ಳಿ ತೆಗೆದಾಗ ಹಳದಿಗೆ ತಿರುಗಿದ, ಉರಿಯದ ಪೌಡರ್ ಉಂಡೆಯಾಗಿ ಉದುರಿತು. ಆ ಬುಲೆಟ್ ಇನ್ನು ಒಂದಿಂಚು ಮುಂದೆ ಹೋಗಿ ನಿಂತಿದ್ದರೆ ಸಿಲಿಂಡರ್ ಆರಾಮಾಗಿ ತಿರುಗುತ್ತಿತ್ತು, ನಾನು ಐದನೆಯದ್ದನ್ನು ಹೊಡೆಯುತ್ತಿದ್ದೆ. ಬ್ಯಾರೆಲ್ಲಿನಲ್ಲಿ ಒಂದು ಬುಲೆಟ್ ಕೂತಿರುವಾಗ ಹಿಂದಿನಿಂದ ಇನ್ನೊಂದು ಬಂದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಸದ್ದು ಸಣ್ಣದಾಯಿತು ಅನ್ನಿಸಿದರೆ ಅಲ್ಲೇ ನಿಲ್ಲಿಸಿ. ಅರ್ಧ ನಿಮಿಷ ಬ್ಯಾರೆಲ್ಲನ್ನು ಗುರಿಯ ಕಡೆಗೇ ಹಿಡಿದಿರಿ. ಆಮೇಲೆ ತೋಟಾಗಳನ್ನೆಲ್ಲ ತೆಗೆದು ಬ್ಯಾರೆಲ್ಲಿನೊಳಗೆ ಬೆಳಕು ಕಾಣುತ್ತದಾ ನೋಡಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಪ್ರೈಮರನ್ನು ತೋಟಾದ ಹೆಸರು ನೋಡಿ ಆರಿಸಬೇಡಿ, ಪೌಡರ್ ನೋಡಿ ಆರಿಸಿ. ಎಚ್110ಗೆ ಸಿಸಿಐ 550, ಕಣ್ಣು ಮುಚ್ಚಿ. 2400 ಬೇರೆ ಜಾತಿ, ಬೇಗ ಹೊತ್ತಿಕೊಳ್ಳುತ್ತದೆ. ಅದಕ್ಕೆ ಸಿಸಿಐ 500 ಸಾಕು. ಅಮೆರಿಕದ ಗನ್ ಬರಹಗಾರ ಎಲ್ಮರ್ ಕೀತ್ .44 ಸ್ಪೆಷಲ್ ಕೇಸಿನಲ್ಲಿ ಭಾರದ ಲೋಡು ತುಂಬಿದ್ದು ಇದೇ 2400 ಹಾಕಿ. ಆ ಪ್ರಯೋಗಗಳೇ ಮುಂದೆ 1955ರಲ್ಲಿ .44 ಮ್ಯಾಗ್ನಮ್ ಹುಟ್ಟಲು ದಾರಿ ಮಾಡಿದ್ದು. .357 ಬಂದಿದ್ದು ಅದಕ್ಕೂ ಇಪ್ಪತ್ತು ವರ್ಷ ಮೊದಲು, 1935ರಲ್ಲಿ. ಇಷ್ಟು ಹಳೆಯ ಪೌಡರ್ ಇವತ್ತಿಗೂ ಬೆಂಚಿನ ಮೇಲೆ ಇದೆ ಅಂದರೆ ಅದರಲ್ಲಿ ಏನೋ ಇದೆ ಅಲ್ವಾ? ಮ್ಯಾಗ್ನಮ್ ತುಂಬಲು ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಹೇಳುವುದೇ 2400. ಪುಸ್ತಕದ ಶುರುವಿನ ಲೋಡಿನಲ್ಲೂ ಸರಿಯಾಗಿ ಉರಿಯುತ್ತದೆ, ಮೇಲಿನ ಲೋಡಿನಲ್ಲೂ ಉರಿಯುತ್ತದೆ.

ತಕ್ಕಡಿನೋಡಿ:

ಹಳೇಪ್ರೆಸ್ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಎರಡು ಪುಸ್ತಕಗಳ ಜಗಳದ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

ಎರಡೂ ಪುಸ್ತಕ ಸರಿ. ಆದರೆ ಪ್ರತಿ ಪುಸ್ತಕ ತನ್ನ ತನ್ನ ಲೋಡಿನ ಬಗ್ಗೆ ಮಾತ್ರ ಮಾತಾಡುತ್ತಿದೆ. ಅವರು ಯಾವ ಕೇಸ್, ಯಾವ ಬುಲೆಟ್, ಯಾವ ಪ್ರೈಮರ್ ಇಟ್ಟು ಒತ್ತಡ ಅಳೆದರೋ ಆ ಅಂಕಿ ಆ ಜೋಡಣೆಗೆ ಮಾತ್ರ ಸೇರಿದ್ದು. ಒಂದು ಪುಸ್ತಕದ ತೂಕ, ಇನ್ನೊಂದು ಪುಸ್ತಕದ ಪ್ರೈಮರ್ ತೆಗೆದುಕೊಂಡು ಕಲಸಿದರೆ ಅದು ಯಾರೂ ಅಳೆಯದ ಲೋಡು. .357 ಮ್ಯಾಗ್ನಮ್‌ಗೆ ಸಾಮಿ (ಅಮೆರಿಕದ ಗನ್, ತೋಟಾ ತಯಾರಕರ ಮಾನದಂಡ ಸಂಸ್ಥೆ) ಇಟ್ಟಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 35,000 ಪೌಂಡ್, ಅಂದರೆ 35,000 ಪಿಎಸ್‌ಐ. .38 ಸ್ಪೆಷಲ್‌ಗೆ 17,000. ನೀವು ಇಷ್ಟು ದಿನ ಆಡುತ್ತಿದ್ದ ಜಾಗಕ್ಕಿಂತ ಇದು ಎರಡು ಪಟ್ಟು ಮೇಲೆ. ಕೆಳಗೆ ನಡೆಯುತ್ತಿದ್ದ ಸಣ್ಣ ಸಡಿಲಿಕೆ ಮೇಲೆ ನಡೆಯುವುದಿಲ್ಲ.

2400 ಜೊತೆ ಮ್ಯಾಗ್ನಮ್ ಪ್ರೈಮರ್ ಹಾಕಲೇಬಾರದು ಅಂತ ಏನೂ ಇಲ್ಲ. ನಾನು ಹಾಕಿದ್ದೇನೆ. ಸಾಮಾನ್ಯ ಪ್ರೈಮರ್ ಸಿಗದೇ ಇದ್ದ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ಆದರೆ ಸಾಮಾನ್ಯ ಪ್ರೈಮರ್ ಇಟ್ಟು ಕಂಡುಕೊಂಡ ಗರಿಷ್ಠ ಲೋಡಿಗೆ ಸೀದಾ ಮ್ಯಾಗ್ನಮ್ ಪ್ರೈಮರ್ ಒತ್ತಿದರೆ ಒತ್ತಡ ಏರುತ್ತದೆ. ಕೆಳಗೆ ಇಳಿದು ಮತ್ತೆ ಮೆಟ್ಟಿಲು ಹತ್ತಬೇಕು. ಪ್ರೈಮರ್ ಬದಲಾಯಿತು ಅಂದರೆ ಲೋಡೇ ಬದಲಾಯಿತು ಅಂತ ಇಟ್ಟುಕೊಳ್ಳಿ. ಅದೇ ಮ್ಯಾಗ್ನಮ್ ಪ್ರೈಮರ್ ಆದರೂ ಬ್ರ್ಯಾಂಡ್ ಬದಲಾದರೆ ನಾನು ಮತ್ತೆ ಶುರುವಿನಿಂದ ಬರುತ್ತೇನೆ.

ಹೆಸರುಗಳಲ್ಲೂ ಎಡವಬೇಡಿ. ಸಿಸಿಐನಲ್ಲಿ ಸ್ಮಾಲ್ ಪಿಸ್ಟಲ್ 500, ಅದರ ಮ್ಯಾಗ್ನಮ್ 550, ಲಾರ್ಜ್ ಪಿಸ್ಟಲ್ 300, ಅದರ ಮ್ಯಾಗ್ನಮ್ 350. ಫೆಡರಲ್‌ನಲ್ಲಿ 100 ಸಾಮಾನ್ಯ ಸ್ಮಾಲ್ ಪಿಸ್ಟಲ್, 200 ಅದರ ಮ್ಯಾಗ್ನಮ್, 150 ಲಾರ್ಜ್ ಪಿಸ್ಟಲ್, 155 ಅದರ ಮ್ಯಾಗ್ನಮ್. ವಿಂಚೆಸ್ಟರ್ ಲಾರ್ಜ್ ಪಿಸ್ಟಲ್ ಪ್ರೈಮರ್ ಪೆಟ್ಟಿಗೆಯ ಮೇಲೆ ಸಾಮಾನ್ಯ ಲೋಡಿಗೂ ಮ್ಯಾಗ್ನಮ್ ಲೋಡಿಗೂ ಅಂತಲೇ ಬರೆದಿರುತ್ತದೆ. .44ಕ್ಕೆ ಹೋದಾಗ ಅದು ನಿಮಗೆ ಅನುಕೂಲ.

ಇನ್ನು ರೈಫಲ್ ಪ್ರೈಮರ್. ಸ್ಮಾಲ್ ರೈಫಲ್ ಪ್ರೈಮರ್ ಸ್ಮಾಲ್ ಪಿಸ್ಟಲ್ ಗೂಡಿನಲ್ಲಿ ಕೂರುತ್ತದೆ, ಅದು ನಿಜ. ಎರಡೂ 0.175 ಇಂಚು ಅಗಲ. ಆದರೆ ಅದರ ಬಟ್ಟಲಿನ ತಗಡು ದಪ್ಪ. ನಿಮ್ಮ ರಿವಾಲ್ವರಿನ ಸ್ಪ್ರಿಂಗ್ ಯಾರಾದರೂ ಹಗುರ ಮಾಡಿದ್ದರೆ ಆ ತಗಡನ್ನು ಪಿನ್ ಸರಿಯಾಗಿ ಒತ್ತುವುದಿಲ್ಲ. ಆರರಲ್ಲಿ ಎರಡು "ಟಕ್" ಅಂತ ಸುಮ್ನೆ ನಿಲ್ಲುತ್ತವೆ. ಉರಿಯೂ ಬೇರೆ, ಹಾಗಾಗಿ ಒತ್ತಡವೂ ಬೇರೆ. .454 ಕ್ಯಾಸುಲ್‌ಗೆ ಸ್ಮಾಲ್ ರೈಫಲ್ ಪ್ರೈಮರ್ ಇಟ್ಟಿದ್ದಾರೆ, ಯಾಕೆಂದರೆ ಅದರ ಒತ್ತಡ 65,000 ಪಿಎಸ್‌ಐವರೆಗೆ ಹೋಗುತ್ತದೆ, ಪಿಸ್ತೂಲ್ ಪ್ರೈಮರಿನ ತೆಳು ಬಟ್ಟಲು ಅಲ್ಲಿ ತಡೆಯುವುದಿಲ್ಲ. .357ಕ್ಕೆ ಆ ಅಗತ್ಯ ಇಲ್ಲ. ಅದನ್ನು ರೈಫಲ್ಲಿಗೇ ಇಟ್ಟುಕೊಳ್ಳಿ. .44 ಶುರು ಮಾಡಿದಾಗ ಲಾರ್ಜ್ ರೈಫಲ್ ಪ್ರೈಮರ್ ಕಡೆ ಕೈ ಹೋಗಲೇಬಾರದು. ಅದರ ಅಗಲ 0.210 ಇಂಚು, ಲಾರ್ಜ್ ಪಿಸ್ಟಲ್‌ನಷ್ಟೇ. ಆದರೆ ಎತ್ತರ ಜಾಸ್ತಿ. ಕೇಸಿನ ತಳದಿಂದ ಹೊರಗೆ ಚಾಚಿಕೊಂಡು ಕೂರುತ್ತದೆ. ಹೊರಗೆ ಚಾಚಿದ ಪ್ರೈಮರ್ ರಿವಾಲ್ವರಿನಲ್ಲಿ ಸಿಲಿಂಡರನ್ನು ಉಜ್ಜುತ್ತದೆ, ಹಿಡಿಯುತ್ತದೆ.

ಹೇಗೂ ಮಾತು ಬಂತು. ಸರಿಯಾದ ಪ್ರೈಮರ್ ಆದರೂ ಪೂರ್ತಿ ಕೂರಿಸಿ, ತಳದ ಮಟ್ಟಕ್ಕಿಂತ ಒಂದು ಕೂದಲಿನಷ್ಟು ಕೆಳಗೆ. ನಾನು ಪ್ರತಿ ತೋಟಾದ ತಳದ ಮೇಲೆ ಬೆರಳು ಎಳೆದು ನೋಡುತ್ತೇನೆ, ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಮೊದಲ ಏಟಿಗೆ ಸಿಡಿಯದೆ ಎರಡನೇ ಏಟಿಗೆ ಸಿಡಿಯುವ ಪ್ರೈಮರ್‌ಗಳಲ್ಲಿ ಹೆಚ್ಚಿನವು ಸರಿಯಾಗಿ ಕೂರದವು. ಮೊದಲ ಏಟಿನ ಬಲವೆಲ್ಲ ಪ್ರೈಮರನ್ನು ಒಳಗೆ ತಳ್ಳುವುದಕ್ಕೇ ಖರ್ಚಾಗಿರುತ್ತದೆ. ಜನ ಪ್ರೈಮರ್ ಕಂಪನಿಯನ್ನು ಬೈಯುತ್ತಾರೆ.

ಹೊಸಕೈ357:

ತುಂಬ ಥ್ಯಾಂಕ್ಸ್ ಇಬ್ಬರಿಗೂ. ಆ ನಾಲ್ಕನೇ ಸುತ್ತಿನ ಕಥೆ ಓದಿ ಮೈ ಜುಮ್ ಅಂತು. ನಾನು ಹಾಗೇ ತುಂಬಲು ತಕ್ಕಡಿ ಹೊರಗೆ ಇಟ್ಟುಕೊಂಡಿದ್ದೆ.

ಹಾಗಾದರೆ ಮೆತ್ತನೆ ಲೋಡಿಗೆ ಏನು ಮಾಡಲಿ? 2400 ಅನ್ನೇ ಶುರುವಿನ ಲೋಡಿನಲ್ಲಿ ಬಳಸಲಾ, ಇಲ್ಲ ಬೇರೆ ಪೌಡರ್ ತರಲಾ? ಬ್ಲೂ ಡಾಟ್ ಚೆನ್ನಾಗಿರುತ್ತದೆ ಅಂತ ಒಬ್ಬರು ಹೇಳಿದರು, 125 ಗ್ರೇನ್ ಬುಲೆಟ್ ಜೊತೆಗೆ. ಕ್ರಿಂಪ್ ಎಷ್ಟು ಬಿಗಿ ಅಂದರೆ ಬಿಗಿ, ಅದನ್ನೂ ಯಾರಾದರೂ ಹೇಳಿ. .38ರಲ್ಲಿ ನಾನು ಬಾಯಿ ಸ್ವಲ್ಪ ಒಳಗೆ ಒತ್ತಿ ಬಿಡುತ್ತಿದ್ದೆ ಅಷ್ಟೇ.

ಉದ್ದಬ್ಯಾರೆಲ್:

ಬ್ಲೂ ಡಾಟ್ ವಿಷಯ ಮೊದಲು. 2008ರಲ್ಲಿ ಅದನ್ನು ಮಾರುವ ಅಲಯಂಟ್ ಕಂಪನಿಯೇ ಎಚ್ಚರಿಕೆ ಕೊಟ್ಟಿದೆ. .357 ಮ್ಯಾಗ್ನಮ್‌ನಲ್ಲಿ 125 ಗ್ರೇನ್ ಬುಲೆಟ್ ಜೊತೆ ಬ್ಲೂ ಡಾಟ್ ಬೇಡ, .41 ಮ್ಯಾಗ್ನಮ್‌ನಲ್ಲಂತೂ ಯಾವ ಬುಲೆಟ್ ಜೊತೆಗೂ ಬೇಡ. ಅದಕ್ಕಿಂತ ಹಳೆಯ ಪುಸ್ತಕಗಳಲ್ಲಿ ಆ ಲೋಡುಗಳು ಇನ್ನೂ ಹಾಗೇ ಇವೆ. ನಿಮಗೆ ಹೇಳಿದವರು ಬಹುಶಃ ಅಂಥ ಪುಸ್ತಕ ನೋಡಿರಬೇಕು. ಹಳೆಯ ಪುಸ್ತಕ ಇಟ್ಟುಕೊಂಡಿರುವವರು ಪೌಡರ್ ಕಂಪನಿಯ ಈಗಿನ ಅಂಕಿಗಳ ಜೊತೆ ಹೋಲಿಸಿ ನೋಡಿ, ದಯವಿಟ್ಟು.

ಮೆತ್ತನೆ ಲೋಡು ಬೇಕಾದರೆ ಪೌಡರನ್ನು ಇಳಿಸಬೇಡಿ, ಪೌಡರನ್ನೇ ಬದಲಾಯಿಸಿ. 2400 ಶುರುವಿನ ಲೋಡಿನಲ್ಲಿ ನಡೆಯುತ್ತದೆ, ಆದರೆ ಅದೂ ಪೂರ್ತಿ ಮೆತ್ತಗೆ ಅಲ್ಲ. ಅದನ್ನು ಪುಸ್ತಕಕ್ಕಿಂತ ಕೆಳಗೆ ಇಳಿಸಿದರೆ ಉರಿಯದ ಕಾಳುಗಳು ಎಕ್ಸ್‌ಟ್ರಾಕ್ಟರ್ ನಕ್ಷತ್ರದ (ಖಾಲಿ ಕೇಸುಗಳನ್ನು ಹೊರಗೆ ತಳ್ಳುವ ಭಾಗ) ಕೆಳಗೆ ಸಿಕ್ಕಿಕೊಂಡು ಸಿಲಿಂಡರ್ ಮುಚ್ಚುವುದೇ ಕಷ್ಟ ಆಗುತ್ತದೆ. ನಡುವಿನ ವೇಗಕ್ಕೆ ಯೂನಿಕ್ ಇದೆ, ಎಚ್‌ಎಸ್-6 ಇದೆ. ಇನ್ನೂ ಮೆತ್ತಗೆ ಅಂದರೆ ಟೈಟ್‌ಗ್ರೂಪ್ ಥರದ ಬೇಗ ಉರಿಯುವ ಪೌಡರ್. ಯೂನಿಕ್‌ಗೂ ಟೈಟ್‌ಗ್ರೂಪ್‌ಗೂ ನಿಮ್ಮ ಸಿಸಿಐ 500 ಸಾಕು. ಹೀಗೆ ನೋಡಿದರೆ ನಿಮ್ಮ ಹತ್ತಿರ ಇರುವ ಪ್ರೈಮರ್ ಲೆಕ್ಕ ಸರಿಯಾಗೇ ಇದೆ. 550 ಸ್ವಲ್ಪವೇ ಇದ್ದರೂ ಎಚ್110ಗೆ ಮಾತ್ರ ಮೀಸಲಿಟ್ಟರೆ ಬಹಳ ದಿನ ಬರುತ್ತದೆ.

ಬೇಗ ಉರಿಯುವ ಪೌಡರಿಗೆ ಅದರದ್ದೇ ಅಪಾಯ ಇದೆ. .357 ಕೇಸ್ ಉದ್ದ. ಟೈಟ್‌ಗ್ರೂಪ್ ಅದರ ತಳದಲ್ಲಿ ಒಂದು ಚಿಟಿಕೆಯಂತೆ ಕೂತಿರುತ್ತದೆ. ಗಮನ ತಪ್ಪಿ ಎರಡು ಸಲ ಸುರಿದರೂ ಕೇಸ್ ತುಂಬುವುದಿಲ್ಲ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಆ ಒಂದು ತೋಟಾ ಗನ್ನನ್ನು ಒಡೆಯುತ್ತದೆ. ಎಚ್110 ಎರಡು ಸಲ ಸುರಿದರೆ ಮೇಜಿನ ಮೇಲೆಲ್ಲ ಚೆಲ್ಲುತ್ತದೆ, ಆ ಮಟ್ಟಿಗೆ ಅದು ಒಳ್ಳೆಯದು. ನಾನು ಮಾಡುವುದು ಹೀಗೆ: ಐವತ್ತು ಕೇಸಿಗೆ ಪೌಡರ್ ಹಾಕಿ, ಬುಲೆಟ್ ಇಡುವ ಮೊದಲು ಟಾರ್ಚ್ ಹಿಡಿದು ಸಾಲು ಸಾಲಾಗಿ ಒಳಗೆ ನೋಡುತ್ತೇನೆ. ಒಂದರ ಮಟ್ಟ ಪಕ್ಕದ್ದಕ್ಕಿಂತ ಮೇಲಿದ್ದರೂ ಕೆಳಗಿದ್ದರೂ ತೆಗೆದು ತೂಗುತ್ತೇನೆ. ಫೋನ್ ಇನ್ನೊಂದು ರೂಮಿನಲ್ಲಿ ಇರುತ್ತದೆ. ಮೇಜಿನ ಮೇಲೆ ಒಂದೇ ಪೌಡರ್ ಡಬ್ಬ. ಕೆಲಸ ಮುಗಿದ ತಕ್ಷಣ ಹಾಪರಿನಲ್ಲಿ (ಅಳತೆ ಸಾಧನದ ಮೇಲಿನ ಪೌಡರ್ ಪಾತ್ರೆ) ಉಳಿದ ಪೌಡರ್ ಅದೇ ಡಬ್ಬಕ್ಕೆ ವಾಪಸ್. ನಾಳೆ ಬೆಳಿಗ್ಗೆ ಹಾಪರ್ ನೋಡಿ ಇದು ಯಾವ ಪೌಡರ್ ಅಂತ ಊಹೆ ಮಾಡುವ ಪರಿಸ್ಥಿತಿ ಬರಬಾರದು. ಪ್ರೈಮರ್‌ಗಳನ್ನಂತೂ ಅವುಗಳ ಪೆಟ್ಟಿಗೆಯಿಂದ ತೆಗೆದು ಬಾಟಲಿಗೆ ಸುರಿದು ಇಡಬೇಡಿ, ಒಂದು ಸಿಡಿದರೆ ಎಲ್ಲವೂ ಒಟ್ಟಿಗೆ ಸಿಡಿಯುತ್ತವೆ.

ಕ್ರಿಂಪ್: ಜಾಕೆಟೆಡ್ ಬುಲೆಟ್ಟಿನ ಸೊಂಟದಲ್ಲಿ ಒಂದು ಗೀರು ಪಟ್ಟಿ ಇದೆಯಲ್ಲ, ಕೇಸಿನ ಬಾಯಿ ಆ ಪಟ್ಟಿಯೊಳಗೆ ಪೂರ್ತಿ ಮಡಚಿಕೊಂಡು ಹೋಗಬೇಕು. ಅದಕ್ಕೆ ಮೊದಲು ಎಲ್ಲ ಕೇಸುಗಳ ಉದ್ದ ಒಂದೇ ಸಮ ಇರಬೇಕು. ಇಲ್ಲದಿದ್ದರೆ ಉದ್ದ ಇರುವುದು ಜಾಸ್ತಿ ಬಿಗಿ, ಗಿಡ್ಡ ಇರುವುದು ಸಡಿಲ. ಕೇಸ್ ಬುಲೆಟ್ಟನ್ನು ಹಿಡಿಯುವುದು ಕ್ರಿಂಪಿನಿಂದ ಮಾತ್ರ ಅಲ್ಲ, ಕತ್ತಿನ ಬಿಗಿಯಿಂದಲೂ. ಬಾಯಿಯನ್ನು ಅಗಲ ಮಾಡುವ ಡೈಯನ್ನು ಅಗತ್ಯಕ್ಕಿಂತ ಒಳಗೆ ಇಳಿಸಿದರೆ ಆ ಬಿಗಿ ಹೋಗುತ್ತದೆ, ಆಮೇಲೆ ಎಷ್ಟು ಕ್ರಿಂಪ್ ಮಾಡಿದರೂ ಅಷ್ಟಕ್ಕಷ್ಟೇ.

ಪರೀಕ್ಷೆ ಹೀಗೆ ಮಾಡಿ. ಆರು ತುಂಬಿ, ಐದು ಹೊಡೆಯಿರಿ. ಆರನೆಯದ್ದನ್ನು ಹೊರಗೆ ತೆಗೆದು ಅದರ ಉದ್ದ ಮೊದಲಿನಷ್ಟೇ ಇದೆಯಾ ಕ್ಯಾಲಿಪರ್‌ನಲ್ಲಿ ಅಳೆಯಿರಿ. ರಿವಾಲ್ವರ್ ಹಿಂದಕ್ಕೆ ಒದ್ದಾಗ ಉಳಿದ ತೋಟಾಗಳ ಬುಲೆಟ್ ಮುಂದಕ್ಕೆ ಜಾರುತ್ತವೆ, ಹಗುರ ಗನ್ನಿನಲ್ಲಿ ಇನ್ನೂ ಜಾಸ್ತಿ. ಉದ್ದ ಬೆಳೆದಿದ್ದರೆ ಕ್ರಿಂಪ್ ಸಾಲದು.

ಹಗುರ ಬುಲೆಟ್ ಬಗ್ಗೆ ಒಂದು ಮಾತು. 125 ಗ್ರೇನ್ ಬುಲೆಟ್ಟಿನ ಹಿಂದೆ ಎಚ್110 ಪೂರ್ತಿ ತುಂಬಿ ಹೊಡೆಯುತ್ತಾ ಹೋದರೆ ಸಿಲಿಂಡರ್ ಮತ್ತು ಬ್ಯಾರೆಲ್ ನಡುವಿನ ಸಂದಿಯಿಂದ ಬರುವ ಉರಿ ಸಿಲಿಂಡರಿನ ಮೇಲೆ ಹಾಯುವ ಚೌಕಟ್ಟಿನ ಪಟ್ಟಿಯ ಉಕ್ಕನ್ನು ಕೊರೆಯುತ್ತದೆ. ಸಣ್ಣ ಗೆರೆಯಾಗಿ ಶುರುವಾಗುತ್ತದೆ. ನೀವು ಹಿಡಿದಿರುವ 158 ಗ್ರೇನೇ ಈ ಪೌಡರಿಗೆ ಒಳ್ಳೆಯ ಜೋಡಿ.

ತಕ್ಕಡಿನೋಡಿ:

ಉದ್ದಬ್ಯಾರೆಲ್ ಹೇಳಿದ್ದರ ಜೊತೆ ಇದೂ ಇರಲಿ. ಒತ್ತಡ ಜಾಸ್ತಿಯಾಯಿತಾ ಅಂತ ನೋಡಲು ಬರೀ ಚಪ್ಪಟೆಯಾದ ಪ್ರೈಮರನ್ನು ನಂಬಬೇಡಿ. ರಿವಾಲ್ವರಿನಲ್ಲಿ ಅದು ಸುಳ್ಳು ಹೇಳುತ್ತದೆ. ಬಟ್ಟಲು ಗಟ್ಟಿ ಇದ್ದರೆ ಒತ್ತಡ ಮೀರಿದ ಮೇಲೂ ಗುಂಡಗೆ ಚೆಂದವಾಗಿ ಕಾಣುತ್ತದೆ, ಮೆತ್ತಗಿದ್ದರೆ ಸಾಧಾರಣ ಲೋಡಿಗೇ ಚಪ್ಪಟೆ. ಖಾಲಿ ಕೇಸುಗಳು ಹೊರಗೆ ಬರುವ ರೀತಿ ನೋಡಿ. ಎಕ್ಸ್‌ಟ್ರಾಕ್ಟರ್ ಕಡ್ಡಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಆರೂ ಜಾರಿ ಬೀಳಬೇಕು. ಅಂಗೈಯಿಂದ ಗುದ್ದಬೇಕಾಯಿತು ಅಂದರೆ ನೀವು ಆಗಲೇ ಗೆರೆ ದಾಟಿದ್ದೀರಿ, ಪುಸ್ತಕದ ಅಂಕಿ ಏನೇ ಹೇಳಲಿ.

ಸಾಧ್ಯವಾದರೆ ಬುಲೆಟ್ಟಿನ ವೇಗ ಅಳೆಯುವ ಒಂದು ಕ್ರೋನೋಗ್ರಾಫ್ ಇಟ್ಟುಕೊಳ್ಳಿ. ಪೌಡರ್, ಪ್ರೈಮರ್ ಜೋಡಿ ಕೂಡಿಬಂದಿದೆಯಾ ಅಂತ ಅದು ಹೇಳುತ್ತದೆ. ಕೇಸ್ ಅರ್ಧ ಖಾಲಿ ಇರುವ ಲೋಡಿಗೆ ಹೀಗೆ ಮಾಡಿ: ಗುರಿಯ ದಿಕ್ಕು ಬಿಡದೆ, ಬ್ಯಾರೆಲ್ಲನ್ನು ನೆಲದ ಕಡೆ ಬಗ್ಗಿಸಿ ನಿಧಾನಕ್ಕೆ ಎತ್ತಿ ಐದು ಹೊಡೆಯಿರಿ. ಆಮೇಲೆ ಮೇಲಕ್ಕೆ ಎತ್ತಿ ನಿಧಾನಕ್ಕೆ ಇಳಿಸಿ ಐದು ಹೊಡೆಯಿರಿ. ಪೌಡರ್ ಮೊದಲ ಸಲ ಬುಲೆಟ್ ಕಡೆ, ಎರಡನೇ ಸಲ ಪ್ರೈಮರ್ ಕಡೆ ಕೂತಿರುತ್ತದೆ. ಎರಡು ಗುಂಪಿನ ವೇಗದಲ್ಲಿ ತುಂಬ ಅಂತರ ಬಂದರೆ ಆ ಜೋಡಿ ನಿಮ್ಮ ಕೇಸಿಗೆ ಹೊಂದಿಲ್ಲ ಅಂತ ಅರ್ಥ.

ಹೊಸಕೈ357:

ಸರಿ, ಹೀಗೆ ಮಾಡುತ್ತೇನೆ. 550 ಎಲ್ಲ ಎಚ್110ಗೆ. 500 ಇಟ್ಟು 2400 ಶುರುವಿನ ಲೋಡಿನಿಂದ, ಒಂದೇ ಪುಸ್ತಕದ ಅಂಕಿ ಹಿಡಿದು, ಐದೈದು ತೋಟಾದ ಗುಂಪಾಗಿ. ಅಭ್ಯಾಸಕ್ಕೆ ಯೂನಿಕ್ ತರುತ್ತೇನೆ, ಟೈಟ್‌ಗ್ರೂಪ್‌ಗೆ ಸದ್ಯಕ್ಕೆ ಧೈರ್ಯ ಇಲ್ಲ. ಪ್ರತಿ ಪೆಟ್ಟಿಗೆಯ ಮೇಲೆ ಪೌಡರ್, ತೂಕ, ಪ್ರೈಮರ್, ತಾರೀಕು ಬರೆದು ಅಂಟಿಸುತ್ತೇನೆ.

ನಿನ್ನೆ ರಾತ್ರಿ ಕೇಸುಗಳ ಉದ್ದ ಅಳೆದೆ. ನೂರರಲ್ಲಿ ಹದಿನಾಲ್ಕು ಕೇಸ್ 1.290 ಇಂಚಿಗಿಂತ ಜಾಸ್ತಿ ಬೆಳೆದಿವೆ, ಅವನ್ನು ಕತ್ತರಿಸಿ ಸಮ ಮಾಡಬೇಕು. ರೈಫಲ್ ಪ್ರೈಮರ್ ಪೆಟ್ಟಿಗೆ ಆಗಲೇ ಬೇರೆ ಕಪಾಟಿಗೆ ಹೋಗಿದೆ.